ನೆಗೆಣ್ಣಿಯ ಪರ ನಾನು ಕೈ ಎತ್ತಲಿಲ್ಲ

ನಮ್ಮೂರಿನ ಕುಡಿಯುವ ನೀರಿನ ಕೆರೆಗೆ ಪ್ರತಿ ರವಿವಾರ ಬೆಳಿಗ್ಗೆ ಒಂಬತ್ತು ಮಂದಿ ಹೋಗುತ್ತಿದ್ದೆವು. ಏರಿಯ ಮೇಲೆ ಬೆಳೆದ ಜಾಲಿ ಕಡಿಯುವುದು, ದಂಡೆಗೆ ತೇಲಿ ಬಂದ ಪ್ಲಾಸ್ಟಿಕ್ ಆರಿಸುವುದು, ಎಮ್ಮೆ ಮೈ ತೊಳೆಯಲು ಬಂದವರ ಜೊತೆ ಜಗಳಾಡುವುದು, ಇಷ್ಟೇ ನಮ್ಮ ಕೆಲಸ. ಗುಂಪಿಗೆ ಹೆಸರಿರಲಿಲ್ಲ. ಊರಿನವರು ‘ಕೆರಿ ಮಂದಿ’ ಎನ್ನುತ್ತಿದ್ದರು, ಅದರಲ್ಲಿ ಸ್ವಲ್ಪ ಚೇಷ್ಟೆಯೂ ಇತ್ತು.

ನಾನು ಮಿಶ್ರಿಕೋಟಿಯ ಕಡೆ ಬಹಳ ವರ್ಷ ಶಾಲೆಯಲ್ಲಿ ಕಲಿಸಿ, ನಿವೃತ್ತಿಯಾದ ಮೇಲೆ ನವಲಗುಂದ ತಾಲೂಕಿನ ಈ ಗಂಡನ ಊರಿಗೆ ಬಂದು ನೆಲೆಸಿದವಳು. ಎಲ್ಲರಿಗೂ ನಾನು ‘ಅಕ್ಕೋರು’. ಗುಂಪಿನ ಹಿರಿಯರು ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತರಾದವರು. ಕೆಲಸ ಬಿಟ್ಟರೂ ಸೀಟಿ ಹೊಡೆಯುವ ಚಟ ಬಿಟ್ಟಿರಲಿಲ್ಲ, ಮಾತು ಉದ್ದವಾದರೆ ನಾಲಗೆ ಮಡಿಚಿ ಊದಿಬಿಡುತ್ತಿದ್ದರು. ಖಡಕ್ ರೊಟ್ಟಿ ಮಾಡಿ ಹುಬ್ಬಳ್ಳಿಗೆ ಕಳಿಸುವ ಗಟ್ಟಿ ಹೆಂಗಸೊಬ್ಬಳಿದ್ದಳು. ಎಂಬತ್ತರ ಹತ್ತಿರ ಬಂದ ಒಕ್ಕಲುತನದ ಕಾಕಾ ಇದ್ದರು. ಉಳಿದ ಐದು ಜನ ಮಾತು ಕಡಿಮೆ, ಕೆಲಸ ಜಾಸ್ತಿ ಎನ್ನುವ ಜಾತಿಯವರು.

ಹಿಂದಿನ ಗ್ರಾಮ ಪಂಚಾಯ್ತಿ ಚುನಾವಣೆ ಬಂದಾಗ ಕೊರೋನಾ ಇನ್ನೂ ಪೂರ್ತಿ ಹೋಗಿರಲಿಲ್ಲ. ಮೂಗಿಗೆ ಕಟ್ಟಿದ ಮಾಸ್ಕು ಎಲ್ಲರ ಗದ್ದಕ್ಕೆ ಇಳಿದು ಕೂತಿತ್ತು. ನಮ್ಮ ವಾರ್ಡಿನ ಸ್ಥಾನ ಆ ಸಲ ಮಹಿಳೆಗೆ ಮೀಸಲಾಗಿತ್ತು. ಒಂದು ರವಿವಾರ ರೊಟ್ಟಿಯ ಹೆಂಗಸು ಕುಡುಗೋಲು ಕೆಳಗಿಟ್ಟು ಹೇಳಿದಳು, “ಈ ಸಲ ಯಾರಿಗೆ ವೋಟು ಹಾಕಬೇಕಂತ ನಾವೆಲ್ಲಾ ಕೂಡಿ ಒಂದ ಮಾತು ಆಡೂಣ್ರಿ.”

ಕಾಕಾಗೆ ಸಿಟ್ಟು ಬಂತು. “ನಾವು ಜಾಲಿ ಕಡಿಯೂ ಮಂದಿ. ವೋಟಿನ ಉಸಾಬರಿ ನಮಗ್ಯಾಕ ಬೇ?”

“ಜಾಲಿ ಕಡಿದ್ರ ಬೇಲಿ ಆಗತೈತೇನ್ ಕಾಕಾ? ಬೇಲಿ ಹಾಕಸ್ರಿ ಅಂತ ಐದು ವರ್ಷ ಹೇಳಿದ್ವಿ. ಹಿಂದಿನ ಮೆಂಬರು ಒಂದ ಸಲನರ ಕೆರಿ ದಂಡಿಗೆ ಬಂದಾರೇನು? ಎಮ್ಮಿ ಬಂದ್ವು, ಅವರು ಬರಲಿಲ್ಲ.”

ಕಾಕಾ ತಮ್ಮ ಕುಡುಗೋಲನ್ನೂ ಪಕ್ಕಕ್ಕಿಟ್ಟು ಕೂತರು. ಅಭ್ಯರ್ಥಿಗಳನ್ನು ಕೆರೆಗೇ ಕರೆಸಿ ಮೂರು ಪ್ರಶ್ನೆ ಕೇಳುವುದು, ಆಮೇಲೆ ಗುಂಪಿನಲ್ಲಿ ಕೈ ಎತ್ತಿ ತೀರ್ಮಾನಿಸುವುದು, ಯಾರಿಗೆ ಯಾಕೆ ಬೆಂಬಲ ಎಂದು ಬರೆದು ಹಿಟ್ಟಿನ ಗಿರಣಿಯ ಗೋಡೆಗೆ ಹಚ್ಚುವುದು ಎಂದು ಮಾತಾಯಿತು. ಚೀಟಿ ಹಾಕೋಣ ಎಂದು ನಾನು ಹೇಳಿ ನೋಡಿದೆ. ಕಾಕಾ ಒಪ್ಪಲಿಲ್ಲ. “ಚೀಟಿ ಹಾಕಿದ್ರ ನಾಳೆ ಒಬ್ಬರ ಮ್ಯಾಲ ಒಬ್ಬರಿಗೆ ಸಂಶೆ ಬರತೈತಿ. ಎತ್ತೂ ಕೈ ಎಲ್ಲಾರಿಗೂ ಕಾಣ್ಲಿ.”

ನನಗೆ ಚೀಟಿ ಬೇಕಾಗಿದ್ದಕ್ಕೆ ಕಾರಣವಿತ್ತು. ಕಣದಲ್ಲಿ ಇದ್ದವರು ಇಬ್ಬರೇ. ಒಬ್ಬಳು ಹಿಂದಿನ ಮೆಂಬರನ ಹೆಂಡತಿ. ಇನ್ನೊಬ್ಬಳು ನನ್ನ ನೆಗೆಣ್ಣಿ, ಎಂದರೆ ನನ್ನ ಮೈದುನನ ಹೆಂಡತಿ. ಅವಳ ತವರು ದೇವಿಕೊಪ್ಪ. ಮದುವೆಯಾಗಿ ಬಂದಾಗಿನಿಂದ ನನ್ನನ್ನು ‘ಅಕ್ಕಾ’ ಎನ್ನುತ್ತ ಬಂದವಳು. ಒಂದೇ ಅಂಗಳದಲ್ಲಿ ಆಚೆ ಈಚೆ ಎರಡು ಮನೆ, ಎರಡು ಒಲೆ. ಆದರೆ ಪಲ್ಯ ಮಾತ್ರ ದಿನಾ ಅಂಗಳ ದಾಟುತ್ತಿತ್ತು.

“ನಾನು ಈ ತೀರ್ಮಾನದಾಗ ಇರೂದಿಲ್ರಿ,” ಎಂದೆ. “ನಮ್ಮನಿಯಾಕಿನ ನಿಂತಾಳ.”

ಕಂಡಕ್ಟರ್ ನಕ್ಕರು. “ಅಕ್ಕೋರ, ಬೀಗರು ಬಿಜ್ಜರು ಎದ್ದು ಹೋಗ್ರಿ ಅಂದ್ರ ಈ ಊರಾಗ ಬೇವಿನ ಗಿಡ ಒಂದ ಉಳೀತೈತಿ. ಕೂಡ್ರಿ ಸುಮ್ಮನ.”

ಕೂತೆ.

ಮುಂದಿನ ರವಿವಾರ ಮೊದಲು ನನ್ನ ನೆಗೆಣ್ಣಿ ಬಂದಳು. ಇಳಕಲ್ ಸೀರೆ ಉಟ್ಟು, ಎಲ್ಲರಿಗೂ ಕೈ ಮುಗಿದು, ನನ್ನ ಬಾಜೂಕೇ ಕೂತಳು. ಕೆರೆಗೆ ಬೇಲಿ ಎಂದಳು, ಏರಿಯ ಮೇಲೆ ದೀಪ ಎಂದಳು, ಹೆಣ್ಣುಮಕ್ಕಳಿಗೆ ಹೊಲಿಗೆ ತರಗತಿ ಎಂದಳು. ಮಾತು ಸರಾಗವಾಗಿತ್ತು. ನಡುನಡುವೆ ನನ್ನ ಕಡೆ ನೋಡಿ, “ಏನಿದ್ರೂ ಅಕ್ಕನ್ನ ಕೇಳೇ ಮಾಡ್ತೀನ್ರಿ,” ಎಂದಾಗ ನನಗೆ ಹಿತವೂ ಆಯಿತು, ಮುಜುಗರವೂ ಆಯಿತು.

ಕೆರೆಗೆ ಕೊನೆಗೆ ಬಂದದ್ದು ಯಾವಾಗ ಎಂಬ ಮೊದಲ ಪ್ರಶ್ನೆ ಮುಗಿಸಿ, ರೊಟ್ಟಿಯ ಹೆಂಗಸು ಎರಡನೆಯದು ಕೇಳಿದಳು. “ನೀರು ಬಿಟ್ಟ ದಿನ ನಮ್ಮ ವಾರ್ಡಿನ್ಯಾಗ ಯಾವ್ಯಾವ ಮನಿಗೆ ನೀರು ಮುಟ್ಟೂದಿಲ್ಲ?”

ನೆಗೆಣ್ಣಿ ಸೆರಗು ಸರಿಪಡಿಸಿಕೊಂಡಳು. “ಎಲ್ಲಾ ಕಡಿ ಬರತೈತಲ್ರಿ. ನಮ್ಮನಿಗಂತೂ ಛಲೋ ಬರತೈತಿ.”

ಅವಳು ಸುಳ್ಳು ಹೇಳಲಿಲ್ಲ. ನಮ್ಮ ಅಂಗಳದಲ್ಲಿ ನೆಲದೊಳಗೆ ದೊಡ್ಡ ತೊಟ್ಟಿಯಿದೆ, ಮೋಟರಿದೆ. ನೀರು ಬಂದ ಹೊತ್ತು, ಹೋದ ಹೊತ್ತು ನಮ್ಮಿಬ್ಬರಿಗೂ ಗೊತ್ತಾಗುವುದಿಲ್ಲ. 

ಅವಳು ಹೋದ ಮೇಲೆ ಹಿಂದಿನ ಮೆಂಬರು ಬಂದರು. ಹೆಂಡತಿ ಬೈಕಿನ ಹಿಂದೆ ಕೂತು ಬಂದಿದ್ದಳು. ಆತ ಹರವಾಗಿ ಕೂತರು. ಆಕೆ ಸೆರಗು ತಲೆಯ ಮೇಲೆ ಎಳೆದುಕೊಂಡು ನಾಲ್ಕು ಮಾರು ದೂರ ಕೂತಳು. “ಕೇಳ್ರಿ ಏನು ಕೇಳವರು,” ಎಂದರು ಆತ.

ರೊಟ್ಟಿಯ ಹೆಂಗಸು ಆಕೆಯ ಕಡೆ ತಿರುಗಿ, “ತಂಗಿ, ನೀ ಕೆರಿಗೆ ಕಡೀಕ ಬಂದದ್ದು ಯಾವಾಗ?” ಎಂದಳು.

“ನಾವು ಹ್ವಾದ ವಾರ ಬಂದಿದ್ವಿ,” ಎಂದರು ಗಂಡ.

“ಯಾವ ಮನಿಗೆ ನೀರು ಮುಟ್ಟೂದಿಲ್ಲ?”

“ನಾವು ಎಲ್ಲಾ ಸರ್ವೆ ಮಾಡಿಸೀವ್ರಿ.”

ಕಂಡಕ್ಟರ್ ನಾಲಗೆ ಮಡಿಚಿ ಸೀಟಿ ಊದಿದರು. ಏರಿಯ ಮೇಲಿದ್ದ ಬೆಳ್ಳಕ್ಕಿ ಹಾರಿದವು. “ಸಾಹೇಬ್ರ, ನಿಮ್ಮ ಸ್ಟಾಪ್ ಬಂತು, ಇಳೀರಿ. ಟಿಕೆಟ್ ಇರೂದು ಅವರದು.”

ಆತ ಒಮ್ಮೆ ನಮ್ಮನ್ನೆಲ್ಲ ನೋಡಿದರು, ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಎದ್ದು ಬೈಕಿನ ಹತ್ತಿರ ಹೋಗಿ ನಿಂತರು. ಕಾಕಾ ಇನ್ನೂ ದೂರ ಹೋಗಿರೆಂದು ಕೈ ಮಾಡಿದರು. ಆತ ಮತ್ತಷ್ಟು ದೂರ ಹೋದರು.

 ಆಕೆ ಕಾಲ ಬಳಿಯ ಹುಲ್ಲು ಕೀಳುತ್ತ, ತಲೆ ಎತ್ತದೆಯೇ ಶುರು ಮಾಡಿದಳು. “ಕಡೀ ಓಣಿ ದಿಬ್ಬದ ಮ್ಯಾಲ ಐತ್ರಿ. ಅಲ್ಲಿ ಬಡಿಗ್ಯಾರ ಮನಿ, ಅದರ ಬಾಜೂಕ ಮುದುಕಿ ಒಬ್ಬಾಕಿನ ಇರೂ ಮನಿ, ಹಿಂದಿನ ಎರಡು ಮನಿ, ಇಷ್ಟಕ್ಕೂ ನೀರು ಮುಟ್ಟೂದಿಲ್ಲ. ಪೈಪು ಸಣ್ಣದಂತ ಎಲ್ಲಾರೂ ಅಂತಾರ. ಪೈಪು ಸಣ್ಣದಲ್ರಿ. ತಿರುವಿನ್ಯಾಗ ಒಂದು ವಾಲ್ವ್ ಇತ್ತು, ರಸ್ತೆ ಮಾಡೂ ಮುಂದ ಮಣ್ಣಾಗ ಮುಚ್ಚಿ ಹೋತು. ಅದನ್ನ ತಿರುವಿದ್ರ ಕೆಳಗಿನ ಓಣಿಗೆ ಹೋಗೂ ನೀರು ಅರ್ಧ ತಾಸು ಮ್ಯಾಲ ಏರತೈತಿ. ನಾನು ಮುಚ್ಚೂದ ನೋಡೀನಿ. ಹೇಳೀನಿ. ಹೆಂಗಸರ ಮಾತು ಯಾರು ಕೇಳ್ತಾರ?”

“ನಿಮಗ ಇಷ್ಟೆಲ್ಲಾ ಹೆಂಗ ಗೊತ್ತು?” ಎಂದೆ ನಾನು.

“ಆ ಮುದುಕಿಗೆ ದಿನಾ ಎರಡು ಕೊಡ ನೀರು ಹೊತ್ತು ಕೊಡ್ತೀನ್ರಿ ಅಕ್ಕೋರ.”

ಮೂರನೆಯ ಪ್ರಶ್ನೆ ಉಳಿದಿತ್ತು. ಆರಿಸಿ ಬಂದರೆ ಸಭೆಗೆ ನೀನು ಹೋಗುತ್ತೀಯೋ, ಅವರು ಹೋಗುತ್ತಾರೋ? ಆಕೆ ಬೈಕಿನ ಕಡೆ ನೋಡಿದಳು. “ಗೊತ್ತಿಲ್ರಿ,” ಎಂದಳು. “ನನಗ ಹೋಗೂ ಆಸೆ ಐತಿ.”

ಅವರು ಹೋದ ಮೇಲೆ ಒಂದು ತಾಸು ವಾದ ನಡೆಯಿತು. ಕಾಕಾ ನನ್ನ ನೆಗೆಣ್ಣಿಯ ಪರ. “ಆಕಿನ್ನ ಆರಿಸಿದ್ರ ಖುರ್ಚಿ ಮ್ಯಾಲ ಕೂಡ್ರಾಂವ ಗಂಡ. ಬೇಲಿ ಹಾಕಸಲಾರದಂವಗ ಮತ್ತ ಐದು ವರ್ಷ ಕೊಟ್ಟಂಗ.” ಅದರಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು. ರೊಟ್ಟಿಯ ಹೆಂಗಸು ಮೆಂಬರನ ಹೆಂಡತಿಯ ಪರ. “ಗಂಡ ದಡ್ಡ ಅಂತ ಹೆಂಡ್ತಿಗೆ ಶಿಕ್ಷಾ ಕೊಡೂದು ಯಾವ ನ್ಯಾಯ?” ಯಾರೋ ಹಸಿ ಕಡಲೆಯ ಗಿಡ ತಂದಿದ್ದರು, ಸುಲಗಾಯಿ ಬಿಡಿಸಿ ತಿನ್ನುತ್ತ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ನಾನು ಸಿಪ್ಪೆ ಒಟ್ಟು ಮಾಡುತ್ತ ಕೂತೆ.

ಕೈ ಎತ್ತಿದರು. ನೆಗೆಣ್ಣಿಗೆ ನಾಲ್ಕು, ಆಕೆಗೆ ನಾಲ್ಕು. ಎಂಟೂ ಮುಖ ನನ್ನ ಕಡೆ ತಿರುಗಿದವು.

ಎಷ್ಟೋ ಮಕ್ಕಳ ಪಾಸು ನಪಾಸು ಬರೆದ ಕೈ ನನ್ನದು. ಅಂದು ಮಾತ್ರ ಅದು ಮಡಿಲಿನಿಂದ ಏಳಲೊಲ್ಲದಾಯಿತು. ಸಂಜೆ ಅಂಗಳದಲ್ಲಿ ಅವಳ ಮುಖ ಹೇಗೆ ನೋಡುವುದು ಎಂಬುದೊಂದೇ ಯೋಚನೆ. ಸುಳ್ಳು ಯಾಕೆ ಹೇಳಲಿ, ನೆಗೆಣ್ಣಿಗೇ ಕೈ ಎತ್ತಿಬಿಡೋಣ ಎಂದು ಒಮ್ಮೆ ಅನಿಸಿತು. ಆದರೆ ಎರಡು ಕೊಡ ನೀರಿನ ಮಾತು ಕೇಳಿದ ಮೇಲೆ ಆಗಲಿಲ್ಲ. “ಇನ್ನೊಬ್ಬಾಕಿಗೆ,” ಎಂದು ಹೇಳಿ ಕೈ ಎತ್ತಿದೆ. ಕಾಕಾ ನನ್ನನ್ನು ದೀರ್ಘವಾಗಿ ನೋಡಿ, “ಗಟ್ಟಿ ಅದೀಯವ್ವ,” ಎಂದರು. ಅದು ಹೊಗಳಿಕೆಯೋ ಬೈಗುಳವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಗೋಡೆಗೆ ಹಚ್ಚುವ ಕಾಗದ ಬರೆಯುವ ಕೆಲಸವೂ ನನ್ನ ಮೇಲೇ ಬಿತ್ತು, ಅಕ್ಷರ ದುಂಡಗಿರುವ ತಪ್ಪಿಗೆ. ಕೇಳಿದ ಪ್ರಶ್ನೆ, ಇಬ್ಬರೂ ಕೊಟ್ಟ ಉತ್ತರ, ನಮ್ಮ ತೀರ್ಮಾನ ಬರೆದೆ. ಕೊನೆಗೆ, ನಿಮಗೆ ಸರಿ ಕಂಡವರಿಗೆ ವೋಟು ಹಾಕಿರಿ ಎಂದೂ ಸೇರಿಸಿದೆ. ಬೇರೆಯವರಿಂದ ತಿಳಿಯುವುದು ಬೇಡವೆಂದು, ಗಿರಣಿಗೆ ಹೋಗುವ ಮೊದಲು ಆ ಕಾಗದವನ್ನು ನಾನೇ ನೆಗೆಣ್ಣಿಯ ಮನೆಗೆ ಒಯ್ದು ಕೊಟ್ಟೆ. ಅವಳು ನಿಂತೇ ಓದಿದಳು.

“ನೀ ಯಾರಿಗೆ ಕೈ ಎತ್ತಿದಿ ಅಕ್ಕಾ?”

ಹೇಳಿದೆ. ಅವಳು ಕಾಗದ ಮಡಚಿ ನನ್ನ ಕೈಗೆ ವಾಪಸು ಕೊಟ್ಟು ಒಳಗೆ ಹೋದಳು. ಅಂದಿನಿಂದ ಪಲ್ಯ ಅಂಗಳ ದಾಟುವುದು ನಿಂತಿತು. ನನ್ನ ಗಂಡ ಮತ್ತು ಅವರ ತಮ್ಮ ಎರಡು ಅಡುಗೆಮನೆಗಳ ನಡುವೆ ಸಿಕ್ಕು, ತಾವೇನೋ ತಪ್ಪು ಮಾಡಿದವರ ಹಾಗೆ ಕಟ್ಟೆಯ ಮೇಲೆ ಕೂತಿರುತ್ತಿದ್ದರು.

ಎಣಿಕೆಯ ದಿನ ನವಲಗುಂದದಿಂದ ಕಂಡಕ್ಟರ್ ಫೋನ್ ಮಾಡಿದರು. “ಅಕ್ಕೋರ, ನಮ್ಮಾಕಿ ಸೋತ್ಲು. ನಿಮ್ಮಾಕಿ ಗೆದ್ಲು.” ಹಿಂದಿನ ಮೆಂಬರನ ಮೇಲೆ ಊರಿಗಿದ್ದ ಸಿಟ್ಟು ಹೆಂಡತಿಯ ತಲೆಯ ಮೇಲೆ ಬಿದ್ದಿತ್ತು. ಮುಂದಿನ ರವಿವಾರ ಕೆರೆಯಲ್ಲಿ ಹಾದುಹೋದವರೆಲ್ಲ ನಮಗೆ ಚೇಷ್ಟೆ ಮಾಡಿದರು. “ಮುಂದಿನ ಸಲ ನಾ ನಿಂತ್ರ ನನ್ನ ಎದುರಾಳಿಗೆ ಬೆಂಬಲ ಕೊಡ್ರಿ ಮತ್ತ,” ಎಂದು ಒಬ್ಬ ಬೈಕು ನಿಲ್ಲಿಸಿಯೇ ಹೇಳಿ ಹೋದ. ನಾವೂ ನಕ್ಕೆವು. ಆದರೆ ಗೆದ್ದ ದಿನ ಅಂಗಳದಲ್ಲಿ ಪಟಾಕಿ ಹೊಡೆದಾಗ ನಾನು ಒಳಗೇ ಉಳಿದಿದ್ದೆ.

ಎಳ್ಳ ಅಮಾಸಿಗೆ ಎರಡೂ ಮನೆಯವರು ಒಂದೇ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭೂಮಿಗೆ ಎಡೆ ಕೊಟ್ಟು, ಕೂಡಿ ಉಣ್ಣುವುದು ನಮ್ಮ ರೂಢಿ. ಅದನ್ನು ಬಿಡುವಂತಿರಲಿಲ್ಲ. ಹೋದೆವು. ಬನ್ನಿ ಗಿಡದ ನೆರಳಿನಲ್ಲಿ ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಿಚ್ಚಿಟ್ಟು ನಾನು ಒಂದು ಬದಿ, ಅವಳು ಇನ್ನೊಂದು ಬದಿ ಕೂತೆವು. ಊಟ ಅರ್ಧವಾದಾಗ ಅವಳು ತಾಟು ಹಿಡಿದು ಎದ್ದು ಬಂದು ನನ್ನ ಎದುರಿಗೆ ಕೂತಳು.

“ಅಕ್ಕಾ, ಆ ಕಾಗದದಾಗ ಬರದಿದ್ಯಲ್ಲ, ಮಣ್ಣಾಗ ಮುಚ್ಚಿದ ವಾಲ್ವ್. ಅದು ಎಲ್ಲೈತಿ?”

“ನನಗೂ ಗೊತ್ತಿಲ್ಲ. ಆಕಿಗೆ ಗೊತ್ತೈತಿ.”

“ಹಂಗಾರ ಆಕಿನ್ನ ಕೇಳೂಣ ನಡಿ.”

ಮರುದಿನ ಬೆಳಿಗ್ಗೆ ನಾವಿಬ್ಬರೂ ಸೋತವಳ ಮನೆಗೆ ಹೋದೆವು. ಬಾಗಿಲು ತೆರೆದ ಗಂಡ ಏನೋ ಹೇಳಲು ಬಾಯಿ ತೆಗೆದರು. ಹೆಂಡತಿ ಅವರನ್ನು ದಾಟಿ ಹೊರಗೆ ಬಂದು ಚಪ್ಪಲಿ ಮೆಟ್ಟಿದಳು. ಗೆದ್ದವಳು, ಸೋತವಳು, ನಡುವೆ ನಾನು, ಕಡೆಯ ಓಣಿಯ ದಿಬ್ಬ ಹತ್ತಿದೆವು. ಊರಿನವರು ಕಟ್ಟೆಗಳಿಂದ ಎದ್ದು ನಿಂತು ನೋಡಿದರು. ತಿರುವಿನಲ್ಲಿ ಆಕೆ ಒಂದು ಜಾಗಕ್ಕೆ ಕಾಲು ಒತ್ತಿ, “ಇಲ್ಲಿ,” ಎಂದಳು. ಅಗೆಸಿದಾಗ ಮೊಣಕೈ ಆಳದಲ್ಲಿ ವಾಲ್ವ್ ಸಿಕ್ಕಿತು. ತುಕ್ಕು ಹಿಡಿದಿತ್ತು, ಹೊಸದು ಹಾಕಬೇಕಾಯಿತು. ಅದಕ್ಕಾಗಿ ನೆಗೆಣ್ಣಿ ಪಂಚಾಯ್ತಿಗೆ ಸುಮಾರು ಸಲ ಓಡಾಡಿದಳು. ಮೊದಲ ಸಭೆಯಲ್ಲಿ ಮಾತು ತೊದಲಿತಂತೆ, ಎರಡನೆಯದರಲ್ಲಿ ಇಲ್ಲವಂತೆ. ಬೇಸಿಗೆ ಮುಗಿಯುವುದರೊಳಗೆ ದಿಬ್ಬದ ಮನೆಗಳ ನಳದಲ್ಲಿ ನೀರು ಬಂತು. ಬೇಲಿ ಬರಲು ಮಾತ್ರ ಇನ್ನೂ ಎರಡು ವರ್ಷ ಹಿಡಿಯಿತು.

ಸೋತವಳು ಈಗ ರವಿವಾರ ಕೆರೆಗೆ ಬರುತ್ತಾಳೆ. ನಾವು ಹತ್ತು ಮಂದಿಯಾಗಿದ್ದೇವೆ. ಕೈ ಎತ್ತುವಾಗ ಐದು-ಐದು ಆದರೆ ಏನು ಮಾಡುವುದೆಂದು ಕಂಡಕ್ಟರ್‌ಗೆ ಈಗಿಂದಲೇ ಚಿಂತೆ.

ಮೊನ್ನೆ ನೆಗೆಣ್ಣಿ ಪುಂಡಿಪಲ್ಯ ಕೊಡಲು ಬಂದವಳು ಹೊಸ್ತಿಲಲ್ಲೇ ನಿಂತು, “ಅಕ್ಕಾ, ಮುಂದಿನ ಸಲ ಆಕಿ ನಿಲ್ತಾಳಂತ. ನಾ ಆಕಿ ಪರ ಓಡಾಡ್ತೀನಿ ಅಂತ ಮಾತು ಕೊಟ್ಟೀನಿ,” ಎಂದಳು. ಸಂತೋಷವಾಯಿತು ಎಂದೆ. “ಆದ್ರ ನೀ ಆವತ್ತ ನನ್ನ ಪರ ಕೈ ಎತ್ತಲಿಲ್ಲಲ್ಲ,” ಎಂದಳು, “ಅದರ ಸಿಟ್ಟು ನನಗ ಇನ್ನೂ ಹೋಗಿಲ್ಲ ನೋಡ.”

“ಇರ್ಲಿ ಬಿಡು,” ಎಂದೆ. “ಒಳಗ ಬಾ, ಚಾ ಇಟ್ಟೀನಿ.”