ಟೇಪಿನ ಗೋಡೆಗಳ ವ್ಯಾನು

ಕಾಣದ್ದನ್ನು ಕಂಡೆ ಎನ್ನುವವರ ಮಾತಿಗೆ ನಾನು ಎಂದೂ ಕಿವಿಗೊಟ್ಟವನಲ್ಲ. ಅಜ್ಜಿ ಹೇಳುತ್ತಿದ್ದ ಕಥೆಗಳಿಗೆ ಎದುರಿಗೇ ನಕ್ಕು ಬೈಸಿಕೊಂಡವನು. ದುಬೈಗೆ ಬಂದು ಸರಕು ಸಾಗಣೆ ಕಂಪನಿಯಲ್ಲಿ ಕಾಗದಪತ್ರ ನೋಡುವ ಕೆಲಸ ಹಿಡಿದ ಮೇಲಂತೂ ಸಹಿ, ಸೀಲು ಇಲ್ಲದ ಯಾವುದನ್ನೂ ನಂಬದ ಅಭ್ಯಾಸ ಗಟ್ಟಿಯಾಯಿತು. ಆದ್ದರಿಂದ ಈಗ ಬರೆಯುತ್ತಿರುವುದನ್ನು ನಂಬಿ ಎಂದು ನಿಮ್ಮನ್ನು ಕೇಳಲು ನನಗೆ ಮುಖವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ನನ್ನ ಹೆಂಡತಿ ಲವೀನಾ ನರ್ಸ್ ಆಗಿದ್ದಳು. ಮಗಳು ರಿಯಾಗೆ ಆಗ ಹದಿನೈದು, ಮಗ ಜೋಯಲ್‌ಗೆ ಹತ್ತು. ಮಿರ್ದಿಫ್‌ನಲ್ಲಿ ಮೂರನೇ ಮಹಡಿಯ ಫ್ಲ್ಯಾಟು. ಯುರೋಪಿನಲ್ಲಿ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಹಿಡಿದು, ಅದರಲ್ಲೇ ಅಡುಗೆ ಮಾಡಿಕೊಂಡು, ಅದರಲ್ಲೇ ಮಲಗಿ, ನಾಲ್ಕು ಜನ ಊರೂರು ಸುತ್ತಬೇಕೆಂಬುದು ಲವೀನಾಳ ಹಳೆಯ ಆಸೆ. ಆದರೆ ಗಲ್ಫಿನವರ ವಾರ್ಷಿಕ ರಜೆ ಅವರದ್ದಲ್ಲ. ಒಂದು ವರ್ಷ ತಂಗಿಯ ಮದುವೆ, ಇನ್ನೊಂದು ವರ್ಷ ಸೋದರಳಿಯನ ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರ, ಮತ್ತೊಂದು ವರ್ಷ ಭಾವನ ಮನೆ ಒಕ್ಕಲು. ಪ್ರತಿ ಸಲವೂ ಪೆಟ್ಟಿಗೆ ಕಟ್ಟಿಕೊಂಡು ಊರಿಗೇ ಹೋದೆವು. ಬರುವ ವರ್ಷ ಖಂಡಿತ ಎಂದು ನಾನು ಹೇಳುತ್ತಲೇ ಬಂದೆ.

ಅಷ್ಟರಲ್ಲಿ ಅವಳ ಎದೆಯಲ್ಲಿ ಒಮ್ಮೆ ವಾಸಿಯಾಗಿದ್ದ ಕ್ಯಾನ್ಸರ್ ಮೂಳೆಗೆ ಹಬ್ಬಿತು. ಸ್ಕ್ಯಾನ್ ರಿಪೋರ್ಟನ್ನು ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ, ಕಾರಿನಲ್ಲಿ ಕೂತು ಅವಳೇ ಓದಿಕೊಂಡಳು. ನರ್ಸಿಗೆ ಯಾರಿಂದ ಸುಳ್ಳು ಹೇಳಲಾದೀತು? ಓದಿ ಮುಗಿಸಿ ಕವರಿಗೆ ಹಾಕಿ, "ಇನ್ನು ಬರುವ ವರ್ಷ ಅಂತ ಹೇಳ್ಬೇಡಿ ಮಾರಾಯ್ರೆ. ಈ ಆಗಸ್ಟ್ ಅಂತ ಹೇಳಿ" ಎಂದಳು. ನಾನು ಹಾಗೆಯೇ ಹೇಳಿದೆ. ಮುಂದಿನ ಕೀಮೋ ಸುತ್ತಿಗೆ ಮೊದಲು ಮೂರು ವಾರ ಹೋಗಿಬರಲು ಡಾಕ್ಟರೂ ಒಪ್ಪಿದರು.

ಆಮೇಲಿನ ಒಂದು ತಿಂಗಳು ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಆಸ್ಟ್ರಿಯಾದಲ್ಲಿ ಸರೋವರದ ಬದಿಯ ಒಂದು ಕ್ಯಾಂಪಿಂಗ್ ಜಾಗವನ್ನು ಲವೀನಾ ಆರಿಸಿ ಬುಕ್ ಮಾಡಿದಳು. ಬೇಕೆಂದಾಗ ಮಲಗಬಹುದು, ಬೇಕೆಂದಾಗ ಗಂಜಿ ಬೇಯಿಸಿಕೊಳ್ಳಬಹುದು, ಟಾಯ್ಲೆಟ್ ಎರಡು ಹೆಜ್ಜೆ ದೂರ, ತನ್ನಂಥವಳಿಗೆ ಹೇಳಿ ಮಾಡಿಸಿದ ಗಾಡಿ ಎನ್ನುತ್ತಿದ್ದಳು. ಆರು ಮೀಟರ್ ಉದ್ದ, ಎರಡೂಕಾಲು ಮೀಟರ್ ಅಗಲದಲ್ಲಿ ನಾಲ್ವರು ಜಗಳವಾಡದೆ ಇರಬಲ್ಲೆವೇ ಎಂದು ನೋಡಲು ಹಾಲ್‌ನ ಸೋಫಾ ಬದಿಗೆ ಸರಿಸಿ, ಟೈಲ್ಸಿನ ಮೇಲೆ ನೀಲಿ ಟೇಪು ಅಂಟಿಸಿ ವ್ಯಾನಿನ ನಕ್ಷೆ ಮಾಡಿಸಿದಳು. ಹಿಂದೆ ನಮ್ಮ ಹಾಸಿಗೆ, ನಡುವೆ ಒಲೆ, ಬದಿಯಲ್ಲಿ ಬಾಗಿಲಿಗೆಂದು ಬಿಟ್ಟ ಜಾಗ. ಅಲ್ಲಿಂದಲೇ ಒಳಗೆ ಬರಬೇಕು. ಒಮ್ಮೆ ಜೋಯಲ್ ಟೇಪು ದಾಟಿ ನಡೆದಾಗ, "ಗೋಡೆಯಲ್ಲಿ ತೂರಿಕೊಂಡು ಬರ್ತೀಯಲ್ಲ, ನೀನೆಂತ ಭೂತವಾ?" ಎಂದು ಗದರಿದ್ದಳು. "ಮಮ್ಮಿ, ಇಟ್ಸ್ ಜಸ್ಟ್ ಟೇಪ್" ಎಂದ ಅವನು. ಆದರೂ ತಿರುಗಿ ಹೋಗಿ ಬಾಗಿಲಿನಿಂದ ಬಂದ.

ಕೆಡಿಸಿದ್ದು ನಾನು. ಅವಳೂ ಮಕ್ಕಳೂ ಇಲ್ಲಿ ಇದ್ದದ್ದು ನನ್ನ ರೆಸಿಡೆನ್ಸಿಯ, ಅಂದರೆ ಇಲ್ಲಿನ ವಾಸದ ಪರವಾನಗಿಯ ಮೇಲೆ. ಅದರ ಅವಧಿ ಅಕ್ಟೋಬರಿಗೆ ಮುಗಿಯುತ್ತಿತ್ತು. ಪ್ರವಾಸ ಮುಗಿಸಿ ಬಂದ ಮೇಲೂ ಅದು ಮೂರು ತಿಂಗಳು ಉಳಿದಿರಬೇಕೆಂಬುದು ಯುರೋಪಿನ ವೀಸಾ ನಿಯಮ. ಇಲ್ಲಿ ನಮ್ಮವರದ್ದೊಂದು ಚಾಳಿ ಇದೆ: ಮೊದಲೇ ನವೀಕರಿಸಿದರೆ ಉಳಿದ ದಿನಗಳು ವ್ಯರ್ಥ ಎಂದು ಕೊನೆಯ ವಾರದವರೆಗೂ ಕಾಯುವುದು. ನಾನೂ ಕಾದೆ. ಜುಲೈಯ ಒಂದು ಗುರುವಾರ ವೀಸಾ ಕೇಂದ್ರದ ಕೌಂಟರಿನಲ್ಲಿದ್ದ ಹುಡುಗಿ ನಾಲ್ಕೂ ಪಾಸ್‌ಪೋರ್ಟ್ ಜೋಡಿಸಿ, ವಿನಯದಿಂದಲೇ ಫೈಲು ಹಿಂತಿರುಗಿಸಿದಳು. ರೆಸಿಡೆನ್ಸಿ ನವೀಕರಿಸಿ ಬನ್ನಿ ಎಂದಳು. ಮತ್ತೆ ಸಿಗುವ ದಿನಾಂಕ ಸೆಪ್ಟೆಂಬರ್ ಕೊನೆಗೆ. ಪರರ ಕಾಗದದಲ್ಲಿ ಒಂದು ಚುಕ್ಕೆ ತಪ್ಪಿದರೂ ಹಿಡಿಯುವ ನನಗೆ ನನ್ನ ಮನೆಯ ಕಾಗದ ಕಾಣಿಸಿರಲಿಲ್ಲ.

ವಿಷಯ ತಿಳಿಸಿದಾಗ ಲವೀನಾ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಎರಡು ದಿನದ ಮೇಲೆ, ಶನಿವಾರ ಮಧ್ಯಾಹ್ನ ಇದು ನಡೆದದ್ದು. ಜೋಯಲ್ ಗೆಳೆಯನ ಮನೆಗೆ ಹೋಗಿದ್ದ. ರಿಯಾ ತನ್ನ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಊಟವಾದ ಮೇಲೆ ಲವೀನಾ ವಾಕರ್ ಹಿಡಿದುಕೊಂಡು ಬಂದು, ಟೇಪಿನ ಬಾಗಿಲಿನಿಂದಲೇ ಒಳಗೆ ಹೋಗಿ, ಅಲ್ಲಿ ಹಾಸಿದ್ದ ಹಾಸಿಗೆಯ ಮೇಲೆ ಮಲಗಿದಳು. ವಾಕರನ್ನು ನಾನೇ ತೆಗೆದು ಗೋಡೆಗೆ ಒರಗಿಸಿದೆ. ಆ ವೇಳೆಗಾಗಲೇ ಅದಿಲ್ಲದೆ ಅವಳಿಗೆ ಎದ್ದು ನಿಲ್ಲಲೂ ಆಗುತ್ತಿರಲಿಲ್ಲ. ಪಕ್ಕದಲ್ಲಿ ಮಲಗುವ ಧೈರ್ಯ ನನಗಾಗಲಿಲ್ಲ. ಟೇಪಿನ ಆಚೆ, ನಾಲ್ಕು ಹೆಜ್ಜೆ ದೂರದ ಸೋಫಾದಲ್ಲಿ ಕೂತು ಆ ತಿರಸ್ಕೃತ ಫೈಲನ್ನು ಮತ್ತೆ ಮತ್ತೆ ತಿರುವುತ್ತಿದ್ದೆ. ನಿದ್ದೆ ಹತ್ತಿತ್ತು ಎನ್ನುವ ಹಾಗಿಲ್ಲ. ನಾನು ಕಣ್ಣು ಮುಚ್ಚಲೇ ಇಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಅವಳು ನಡುಗುತ್ತಿರುವುದು ಕಂಡಿತು. ಎಸಿ ಜೋರಾಯಿತೇನೋ ಎಂದು ಹೊದಿಕೆ ಸರಿಪಡಿಸಲು ಹೋದೆ. ಪಾದ ಮುಟ್ಟಿದರೆ ಮಂಜುಗಡ್ಡೆ. ಎರಡೂ ಅಂಗಾಲು ಒದ್ದೆ. ಬೆರಳಸಂದಿಯಲ್ಲಿ ಹುಲ್ಲಿನ ಎಸಳು, ಹಿಮ್ಮಡಿಗೆ ಮಣ್ಣು. ಕಪ್ಪು ಮಣ್ಣು. ನಮ್ಮ ಕಟ್ಟಡದ ಕೆಳಗೂ ಹುಲ್ಲಿದೆ, ಆದರೆ ಅದರ ಬುಡದಲ್ಲಿರುವುದು ಮರಳು. ಮನೆಯ ಬಾಗಿಲಿಗೆ ಚಿಲಕ ಹಾಕಿದಂತೆಯೇ ಇತ್ತು. ಹಾಸಿಗೆಯ ಸುತ್ತ ಟೈಲ್ಸಿನ ಮೇಲೆ ಒಂದು ಹೆಜ್ಜೆಗುರುತೂ ಇಲ್ಲ.

ಅವಳು ಕಣ್ಣು ತೆರೆದಳು. "ನಾನು ಹೋಗಿ ಬಂದೆ," ಎಂದಳು. "ಸರೋವರ ಉಂಟು. ಮಳೆ ನಿಂತದ್ದಷ್ಟೆ. ವ್ಯಾನಿನಿಂದ ಇಳಿದು ನೋಡಿದ್ರೆ ನೀವು ಯಾರೂ ಇಲ್ಲ. ತುಂಬ ಕರೆದೆ. ಯಾರೂ ಬರ್ಲಿಲ್ಲ."

ನಾನು ಏನು ಮಾಡಿದೆ ಗೊತ್ತೇ? ಬಕೆಟ್ಟಿನಲ್ಲಿ ಬಿಸಿನೀರು ತಂದು ಆ ಕಾಲುಗಳನ್ನು ತೊಳೆದೆ. ಶೀತವಾದೀತು ಎಂಬುದೊಂದೇ ಆಗ ತಲೆಯಲ್ಲಿದ್ದದ್ದು. ಪುರಾವೆ ಇಲ್ಲದೆ ನಂಬದವನು ಕೈಗೆ ಸಿಕ್ಕ ಪುರಾವೆಯನ್ನು ಕೈಯಾರೆ ಬಚ್ಚಲಿಗೆ ಚೆಲ್ಲಿದೆ. ವಾಚ್‌ಮನ್‌ನನ್ನು ಕೇಳಿದೆ, ಮೇಡಂ ಕೆಳಗೆ ಬಂದೇ ಇಲ್ಲ ಎಂದ.

ಆಮೇಲೆ ಅವಳು ಯುರೋಪಿನ ಹೆಸರೆತ್ತಲಿಲ್ಲ. ನಾನು ರೆಸಿಡೆನ್ಸಿ ನವೀಕರಿಸಿ, ಸೆಪ್ಟೆಂಬರಿಗೆ ಸಿಕ್ಕ ದಿನಾಂಕ ತೋರಿಸಿದಾಗ, "ಖಲಾಸ್, ನನ್ನದು ಆಯ್ತಲ್ಲ" ಎಂದಳು. ಕ್ಯಾಂಪಿಂಗ್ ಬುಕಿಂಗನ್ನು ತಾನೇ ರದ್ದು ಮಾಡಿದಳು. ಅಕ್ಟೋಬರಿನಲ್ಲಿ ತೀರಿಕೊಂಡಳು. ಹೊಸ ರೆಸಿಡೆನ್ಸಿಯಲ್ಲಿ ಇನ್ನೂ ಸುಮಾರು ಎರಡು ವರ್ಷ ಬಾಕಿಯಿತ್ತು.

ಮಣ್ಣು ನನ್ನ ಭ್ರಮೆಯಾಗಿರಬಹುದು. ತಪ್ಪು ಮಾಡಿದವನ ಮನಸ್ಸು ಏನನ್ನಾದರೂ ಕಾಣಿಸೀತು. ಎಷ್ಟೋ ಕಾಲ ಹೀಗೆಯೇ ಸಮಾಧಾನ ಹೇಳಿಕೊಂಡೆ. ಆದರೆ ಕಳೆದ ವರ್ಷ ಆ ಫ್ಲ್ಯಾಟು ಬಿಡುವಾಗ, ರಿಯಾ ಮತ್ತು ನಾನು ಕೂತು ಹಾಲ್‌ನ ಟೇಪು ಕೀಳುತ್ತಿದ್ದೆವು. ಅಲ್ಲಿಯವರೆಗೆ ಅದನ್ನು ಕೀಳಲು ಯಾರಿಗೂ ಮನಸ್ಸು ಬಂದಿರಲಿಲ್ಲ. ತುಂಬ ಕರೆದೆ ಎಂಬ ಅವಳಮ್ಮನ ಆ ಮಾತನ್ನು ನಾನು ಮಕ್ಕಳಿಗೆ ಹೇಳಿದವನಲ್ಲ. ರಿಯಾ ತಲೆ ಎತ್ತದೆ, "ಪಪ್ಪ, ಆ ಶನಿವಾರ ಮಮ್ಮಿ ನನ್ನನ್ನು ಕರೆದಿದ್ರು. ತುಂಬ ದೂರದಿಂದ, ಹೊರಗಿಂದ ಕರೆದ ಹಾಗೆ" ಎಂದಳು. ಹೆಡ್‌ಫೋನ್ ಹಾಕಿಕೊಂಡಿದ್ದಳಂತೆ. ಆದರೂ ಕೇಳಿಸಿತಂತೆ. ಮೊದಲು ಅವಳ ಹೆಸರು, ಆಮೇಲೆ ಜೋಯಲ್‌ನದ್ದು, ಆಮೇಲೆ ನನ್ನದು. ನನ್ನ ಹೆಸರು ಹಿಡಿದು ಲವೀನಾ ತುಂಬ ಸಲ ಕರೆದಳಂತೆ. ಪಪ್ಪ ಅಲ್ಲೇ ಇದ್ದಾರಲ್ಲ, ಹೋಗುತ್ತಾರೆ ಎಂದುಕೊಂಡು ಮಗಳು ಏಳಲಿಲ್ಲ.

ಮುಚ್ಚಿದ ಬಾಗಿಲಿನ ಆಚೆ, ಹಾಡಿನ ನಡುವೆ, ಮಗಳಿಗೆ ಕೇಳಿಸಿತು. ನಾನು ನಾಲ್ಕು ಹೆಜ್ಜೆ ದೂರದಲ್ಲಿ ಎಚ್ಚರವಾಗಿಯೇ ಇದ್ದೆ. ನನಗೆ ಕೇಳಿಸಲಿಲ್ಲ.