ಎಲ್ಬರ್ಟ್ ಟಾಲಿಯ ಒಂದೇ ಒಂದು ಎರರ್

ಬರ್ಮಿಂಗ್‌ಹ್ಯಾಮಿನ ನಮ್ಮ ಕೇರಿಗೆ ಎಲ್ಬರ್ಟ್ ಟಾಲಿ ಎಂದರೆ ಉಕ್ಕಿನ ಕಾರ್ಖಾನೆಯ ಕುಲುಮೆಯವನು. ಕರಿಯರ ಹಕ್ಕಿನ ಮೆರವಣಿಗೆಗಳಲ್ಲಿ ನನ್ನ ಪಕ್ಕ ನಡೆದವನು. ಪೊಲೀಸರ ನಾಯಿ ತೊಡೆಗೆ ಬಾಯಿ ಹಾಕಿದಾಗ ಕಿರುಚಲಿಲ್ಲ. ಒಳ್ಳೇ ಪ್ಯಾಂಟು ಹಾಳಾಯಿತೆಂದು ನಾಯಿಯ ವಂಶವನ್ನೆಲ್ಲ ಬೈದ. ಅದಕ್ಕೂ ಬಹಳ ಮೊದಲು, ಹತ್ತೊಂಬತ್ತರ ಪ್ರಾಯದಲ್ಲಿ, ಬಿಳಿಯರ ದೊಡ್ಡ ಲೀಗುಗಳು ಒಳಗೆ ಬಿಡದವರ ಕರಿಯರ ಲೀಗಿನಲ್ಲಿ ಬೇಸ್‌ಬಾಲ್ ಆಡಿದ್ದ. ಒಂದೇ ಪಂದ್ಯ.

ಆ ಭಾನುವಾರ ಮೂರನೇ ಬೇಸ್ ಕಾಯುವವನು ಹೊಟ್ಟೆ ಕೆಟ್ಟು ಮಲಗಿದ್ದ. ಕಾರ್ಖಾನೆಯ ತಂಡದಿಂದ ಎಲ್ಬರ್ಟನನ್ನು ಎಳೆದು ತಂದು, ದೊಗಳೆ ಅಂಗಿ ತೊಡಿಸಿ ನಿಲ್ಲಿಸಿದರು. ಚೆಂಡು ಎಸೆಯುತ್ತಿದ್ದವನು ಕ್ಲೀವ್ ಮೇಹ್ಯೂ, ಭುಜ ಸವೆದ ಮುದಿಗೂಳಿ. ಅವತ್ತು ಅದೇನು ಮೈಮೇಲೆ ಬಂದಿತ್ತೋ, ಕೊನೆಯ ಸುತ್ತು ಬಂದರೂ ಎದುರಾಳಿಗಳಿಗೆ ಬಾರಿಸಿ ಬೇಸ್ ಮುಟ್ಟುವಂಥ ಒಂದೇ ಒಂದು ಹಿಟ್ ಸಿಕ್ಕಿರಲಿಲ್ಲ. ಅಂಥ ಪಂದ್ಯ ದೊಡ್ಡ ದೊಡ್ಡ ಎಸೆತಗಾರರಿಗೂ ದಕ್ಕುವುದಿಲ್ಲ.

ಆಗ ಒಂದು ಚೆಂಡು ಎಲ್ಬರ್ಟನತ್ತ ನುಗ್ಗಿತು. ಕಲ್ಲಿಗೆ ತಗುಲಿ ಎಗರಿ ಅವನ ಕೊರಳೆಲುಬಿಗೆ ಗುದ್ದಿತು. ಯಾರಪ್ಪನಿಂದಲೂ ಹಿಡಿಯಲಾಗದ ಚೆಂಡು. ಬಾರಿಸಿದವನು ಬೇಸ್ ಮುಟ್ಟಿದ. ಹಿಟ್ ಎಂದು ಬರೆದರೆ ಮೇಹ್ಯೂನ ಆ ಅಪರೂಪದ ಪಂದ್ಯ ಮಣ್ಣುಪಾಲು. ಎರರ್, ಅಂದರೆ ಚೆಂಡು ಹಿಡಿಯಬೇಕಿದ್ದವನ ತಪ್ಪು, ಎಂದು ಬರೆದರೆ ಉಳಿಯಿತು. ಅಂಕ ಬರೆಯುತ್ತಿದ್ದವನು ಹೆಣ ಸಿಂಗರಿಸುವ ಕಸುಬಿನ ಸ್ಟಾಲ್‌ವರ್ತ್. ಪೆನ್ಸಿಲ್ ಎತ್ತಿದವನು ಹಾಗೇ ಕೂತ.

"ಎರರ್ ಬರಿಯಯ್ಯಾ, ಹೆಣ ತೊಳೆಯೋನೇ! ನಾಳೆ ನಮ್ಮ ಹೆಣ ನಿಂಗೇ ಕೊಡ್ತೀವಿ, ಬರಿ!" ಎಂದು ಜನ ಕೂಗಿದರು. ಕೂಗಿದವರಲ್ಲಿ ಎಲ್ಬರ್ಟನ ತಾಯಿಯೂ ಇದ್ದಳು.

ಎಲ್ಬರ್ಟ್ ತಿರುಗಿ ಮೇಹ್ಯೂನ ಮುಖ ನೋಡಿದ. ಎದೆ ತಟ್ಟಿಕೊಂಡ.

"ನಂದೇ ತಪ್ಪು ಕಣಣ್ಣ, ಬರ್ಕೋ!"

ಪಂದ್ಯ ಗೆದ್ದ ಮೇಲೆ ಮೇಹ್ಯೂ ಅವನ ಕತ್ತು ಹಿಡಿದು ಅಲುಗಾಡಿಸಿದ. "ಮುಖ ಯಾಕ್ಲಾ ಊದಿಸ್ಕೊಂಡಿದೀಯ ಮರಿ? ನಿಂಗಿನ್ನೂ ನೂರಾರು ಪಂದ್ಯ ಐತೆ."

ಮರುವಾರ ಹೊಟ್ಟೆ ಕೆಟ್ಟವನು ಎದ್ದು ಬಂದ. ಎಲ್ಬರ್ಟ್ ಕುಲುಮೆಗೆ ಹೋದ. ಮತ್ತೆ ಯಾರೂ ಕರೆಯಲಿಲ್ಲ.

ನಮ್ಮ ಲೀಗನ್ನೂ ದೊಡ್ಡ ಲೀಗುಗಳ ದಾಖಲೆಗೆ ಸೇರಿಸಿ ಎಂದು ನಾವು ವರ್ಷಗಟ್ಟಲೆ ಗಂಟಲು ಹರಿದುಕೊಂಡೆವು. ಎಲ್ಬರ್ಟ್ ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಕಡೆಗೂ ಸೇರಿಸಿದರು. ಅವನಿಗಾಗ ತೊಂಬತ್ತು ದಾಟಿತ್ತು. ಮೇಹ್ಯೂ ಪಂದ್ಯದ ಅಂಕಪಟ್ಟಿಯನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಗಾಜು ಕೂರಿಸಿ, ಚರ್ಚಿನ ಊಟದ ಹಾಲಿನಲ್ಲಿ ತೂಗುಹಾಕಿದೆವು. ಎಲ್ಬರ್ಟ್ ಕನ್ನಡಕ ಏರಿಸಿ ತನ್ನ ಹೆಸರು ಹುಡುಕಿದ. ಹಿಟ್ ಸೊನ್ನೆ. ಎರರ್ ಒಂದು.

"ಇಷ್ಟೇನಾ ನಾನು?" ಎಂದ.

ಮನೆಗೆ ಬಂದವನೇ ನನ್ನ ಕೈಲಿ ದಾಖಲೆ ಕಮಿಟಿಗೆ ಫೋನ್ ಹಚ್ಚಿಸಿದ. ಅವನಿಗೆ ಕಿವಿ ಮಂದ, ಸ್ಪೀಕರ್ ಹಾಕಿ ಹಿಡಿದುಕೊಂಡೆ. ಆ ಕಡೆ ಒಬ್ಬ ಹೆಂಗಸು.

"ಅಮ್ಮಾ, ಅದು ಎರರ್ ಅಲ್ಲ, ಹಿಟ್. ಮುದುಕನ ಪಂದ್ಯ ಉಳೀಲಿ ಅಂತ ನಾನೇ ಮೈಮೇಲೆ ಹಾಕ್ಕೊಂಡೆ. ತೆಗೆದ್ಬಿಡಿ."

"ಅವತ್ತು ಅಂಕ ಬರೆದೋರ ತೀರ್ಮಾನಾನೇ ಕೊನೇದು ಸರ್. ತೆಗೆದ್ರೆ ಮೇಹ್ಯೂ ಅವ್ರ ಪಂದ್ಯಾನೇ ಹೋಗುತ್ತೆ."

ಎಲ್ಬರ್ಟ್ ಫೋನಿಗೆ ಇನ್ನೂ ಹತ್ತಿರ ಬಾಗಿದ.

"ಹಂಗಾದ್ರೆ ಇರ್ಲಿ ಬಿಡಿ. ಇವ್ನೇ ಬಿಟ್ಟುಕೊಟ್ಟ ಅಂತ ಪಕ್ಕದಲ್ಲಿ ಒಂದು ಮಾತು ಹಾಕ್ತೀರಾ?"

"ಅಂಥದ್ದಕ್ಕೆ ಪಟ್ಟಿಯಲ್ಲಿ ಜಾಗ ಇಲ್ಲ ಸರ್. ಬೇಜಾರಾಗ್ಬೇಡಿ."

"ಇಷ್ಟು ವರ್ಷ ನಮಗೆ ಜಾಗಾನೇ ಇರ್ಲಿಲ್ಲ ಅಮ್ಮಾ. ಈಗ ಜಾಗ ಕೊಟ್ಟು ಮುಖಕ್ಕೆ ಉಗುದ್ರಿ."

ಅಡುಗೆಮನೆಯಿಂದ ಅವನ ಹೆಂಡತಿ ಓಡೆಸ್ಸಾ ಕೂಗಿದಳು: "ಅವಳನ್ನ್ಯಾಕೆ ಬೈತೀಯ? ಎರರ್ ಅಂತ ಕೂಗ್ದೋಳು ನಿಮ್ಮವ್ವ. ಸೊಪ್ಪು ಆರೋಗ್ತೈತೆ, ಬಾ."

ಅವನು ಉಣ್ಣಲಿಲ್ಲ.

ಆಮೇಲೆ ಚರ್ಚಿನ ಊಟಕ್ಕೆ ಬಂದಾಗಲೆಲ್ಲ ಆ ಗೋಡೆಗೆ ಬೆನ್ನು ಹಾಕಿ ಕೂತು ಮೀನು ತಿನ್ನುತ್ತಿದ್ದ. ಒಂದು ದಿನ ಡೆಟ್ರಾಯಿಟಿನಿಂದ ಮೇಹ್ಯೂನ ಮೊಮ್ಮಗಳು ಬಂದಳು. ಪಾದ್ರಿ ಎಲ್ಬರ್ಟನ ಹೆಸರು ಹೇಳಿ ಪರಿಚಯಿಸಿದ. ಗಾಜಿನ ಮೇಲೆ ಬೆರಳಾಡಿಸುತ್ತ ತಿರುಗಿ, "ಅಯ್ಯೋ ತಾತಾ, ಆ ಎರರ್ ಮಾಡಿದ್ದು ನೀವಾ? ನಮ್ಮ ತಾತನ ಜೀವ ಬಾಯಿಗೆ ತಂದಿದ್ರಲ್ಲ!" ಎಂದು ನಕ್ಕಳು.

ನಾನು ಬಾಯಿ ತೆರೆದೆ. ಎಲ್ಬರ್ಟ್ ಮೇಜಿನಡಿ ನನ್ನ ಕಾಲು ತುಳಿದ. "ಹೂಂ ಕಣವ್ವ, ಕೈ ಜಾರ್ತು" ಎಂದ.

ಅದೇ ಅವನು ಚರ್ಚಿಗೆ ಬಂದ ಕಡೆಯ ಸಲ. ಚಳಿಗಾಲದಲ್ಲಿ ಸತ್ತ. ಪಾದ್ರಿ ಪೆಟ್ಟಿಗೆಯ ಮುಂದೆ ನಿಂತು, ಬ್ರದರ್ ಟಾಲಿ ದೊಡ್ಡ ಲೀಗಿನ ಆಟಗಾರ ಎಂದು ಎದೆಯುಬ್ಬಿಸಿ ದಾಖಲೆಯಲ್ಲಿ ಅವನ ಹೆಸರಿನ ಸಾಲನ್ನು ಓದಿದ. ಪೂರ್ತಿ ಓದಿದ.