ಮೊಮ್ಮಗಳ ಮೊದಲ ಪ್ರಸಂಗ

ಚರ್ಚಿನಲ್ಲಿ ಪ್ರಾರ್ಥನೆಯ ಚೀಟಿ ಕೈಯಿಂದ ಕೈಗೆ ದಾಟಿ ನನ್ನ ಹತ್ತಿರ ಬಂತೆಂದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಇವತ್ತೂ ಬಂತು. ಯಾರದೋ ಮೊಣಕಾಲು ನೋವು, ಅಷ್ಟೇ. ನನ್ನದೂ ಅದೇ ನೋವು, ಆದರೆ ಬೇಡಿ ಬೇಡಿ ದಣಿದಿದ್ದೇನೆ. ಚೀಟಿ ಬರೆಸುವುದನ್ನು ಬಿಟ್ಟು ಬಹಳ ವರ್ಷವಾಯಿತು.

ಶಹಾಪುರದ ಕಡೆಗೆ ಕೆನಾಲು ಬಂದ ಹೊಸದರಲ್ಲಿ ಒಂದು ಚುನಾವಣೆ. ಆಗಿನ ಪಾದ್ರಿ ಅಯ್ಯನವರು ಚೀಟಿಗಳನ್ನು ಓದುತ್ತಿದ್ದರು, ಒಂದೊಂದಕ್ಕೂ ನಾವು ಆಮೆನ್ ಅನ್ನುತ್ತಿದ್ದೆವು. ಜ್ವರ, ಆಮೆನ್. ಮಗಳ ಮದುವೆ, ಆಮೆನ್. ಆಮೇಲೆ ಅದೇ ದನಿಯಲ್ಲಿ ಒಬ್ಬ ಹುರಿಯಾಳಿನ ಹೆಸರು ಹೇಳಿ, "ಕೆನಾಲಿನ ನೀರು ತಂದ ಇವರು ಆರಿಸಿ ಬರಲಿ, ತಂದೇ" ಎಂದರು. ಇಡೀ ಚರ್ಚು ಆಮೆನ್ ಅಂದಿತು. ನನ್ನದೇ ಎಲ್ಲರಿಗಿಂತ ಜೋರು. ಕಣ್ಣು ಮುಚ್ಚಿದವಳಿಗೆ ಏನು ಗೊತ್ತಾಗಬೇಕು, ನೀವೇ ಹೇಳಿ.

ನಮ್ಮಣ್ಣ ಎದುರು ಪಾರ್ಟಿಯ ಪ್ರಚಾರಕ್ಕೆ ತಿರುಗುತ್ತಿದ್ದವನು. ಎದ್ದು ನಿಂತ. "ಯಾಕ್ರಿ ಅಯ್ನೋರ, ದೇವರಿಗೂ ಶಾಲು ಹಾಕಿ ಪಾರ್ಟಿಗಿ ಸೇರಿಸ್ಕೊಂಡ್ರೇನು?" ಎಂದವನು ನನ್ನ ಕಡೆ ತಿರುಗಿದ. "ನೀನೂ ಭಾರಿ ಒದರಿದಿ ಬಿಡವಾ ತಂಗಿ." ಹೊರಗೆ ಹೋದವನು ಮತ್ತೆ ಚರ್ಚಿಗೆ ಬಂದದ್ದು ಪೆಟ್ಟಿಗೆಯಲ್ಲಿ, ನಾಲ್ಕು ಜನರ ಹೆಗಲ ಮೇಲೆ.

ಮುಂದಿನ ಅಯ್ಯನವರು ಈ ಕಥೆ ಕೇಳಿ ಹೆದರಿಕೊಂಡೇ ಬಂದರು. ಕೆನಾಲಿನ ಕೊನೆಯ ಹೊಲಗಳಿಗೆ ನೀರು ಮುಟ್ಟದೆ ಬಡಿದಾಟವಾದ ವಾರ ಅವರು ನೋಹನ ಜಲಪ್ರಳಯದ ಮೇಲೆ ಪ್ರಸಂಗ ಬೋಧಿಸಿದರು! ನೆಲ್ಲು ಒಣಗಿದವರು ಬೆಂಚಿನ ಮೇಲೆ ಕೂತು ನಲವತ್ತು ದಿನದ ಮಳೆಯ ಸುದ್ದಿ ಕೇಳಿದರು. ಹಾಗಾದರೆ ಪ್ರಸಂಗದ ಪೀಠದಲ್ಲಿ ನಿಂತವರು ಏನು ಹೇಳಬೇಕು? ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ದಾರಿ ತೋಚಲಿಲ್ಲ.

ಇವತ್ತು ಅಲ್ಲಿ ನಿಂತವಳು ನನ್ನ ಮೊಮ್ಮಗಳು. ಪಾದ್ರಿ ಓದು ಮುಗಿಸಿ ಬಂದ ಮೇಲೆ ಅವಳ ಮೊದಲ ಪ್ರಸಂಗ. ಸಂತೋಷಕ್ಕೆ ನನ್ನ ಕಾಲು ನೆಲದ ಮೇಲಿರಲಿಲ್ಲ.

ನಿನ್ನೆ ಕೇಳಿದ್ದಳು, "ಆಯೀ, ನೀರಿನ ಮಾತು ತಗೀಲ್ಯಾ, ಬ್ಯಾಡಾ?"

"ತಗಿ. ಆದ್ರ ಯಾರ ಹೆಸರೂ ಹೇಳಬ್ಯಾಡ ನನ್ನವ್ವ. ಇನ್ನೊಬ್ರನ್ನ ಕಳಕೊಳ್ಳೋ ಶಕ್ತಿ ನನಗಿಲ್ಲ."

"ಒಂದು ಹೆಸರು ಹೇಳಬೇಕಾಗ್ತದ, ಆಯೀ," ಅಂದಳು.

ಇವತ್ತು ಪ್ರಸಂಗದಲ್ಲಿ ಹೇಳಿದಳು. ಪಾರ್ಟಿಯದಲ್ಲ. "ನಮ್ಮ ಪಾಳಿ ಇಲ್ಲದ ದಿನಾನೂ ಕೆನಾಲಿನಿಂದ ನೀರು ಎಳಕೊಳ್ಳೋ ಪೈಪು ನಮ್ಮ ಹೊಲದಾಗ ಅದ. ನಮ್ಮಪ್ಪ ಹಾಕ್ಯಾನ. ಆ ನೀರಿನ ಅನ್ನಾ ಉಂಡೇ ನಾನು ಓದೀನಿ. ಮೊದಲು ಅದನ್ನ ಕೀಳ್ತೀವಿ. ಆಮ್ಯಾಗ ಎಲ್ಲಾರೂ ಕೂಡಿ ಆಫೀಸಿಗಿ ಹೋಗಿ ಕೇಳೂಣ, ಕೊನಿ ಹೊಲಕ್ಕ ನೀರು ಯಾಕ ಬರವಲ್ದು ಅಂತ."

ನನ್ನ ಪಕ್ಕದಲ್ಲಿದ್ದ ಅವಳಪ್ಪ, ನನ್ನ ಮಗ, ತಲೆ ತಗ್ಗಿಸಿದ. ಎದ್ದು ಹೋದಾನೆಂದು ಅವನ ಅಂಗಿಯ ತುದಿ ಹಿಡಿದುಕೊಂಡೆ. ಅವನು ಏಳಲಿಲ್ಲ.

ಈಗ ಅಪ್ಪ ಮಗಳು ಗುದ್ದಲಿ ಹಿಡಿದು ಹೊಲಕ್ಕೆ ಹೊರಟಿದ್ದಾರೆ.

"ಮನಿ ಮಾತು ಮನ್ಯಾಗ ಹೇಳಬಾರದಿತ್ತೇನು?" ಅವನ ಗೊಣಗಾಟ.

"ಮನ್ಯಾಗ ಮೂರು ಸಲ ಹೇಳೀನೆಪ್ಪ. ನೀನು ಟೀವಿ ಸೌಂಡು ಏರಿಸಿದಿ."

ಈ ವರ್ಷ ನಮ್ಮ ನೆಲ್ಲು ಅರ್ಧ ಬಂದರೆ ಹೆಚ್ಚು. ಬರದಿದ್ದರೆ ಬಿಡಲಿ. ಬರುವ ಭಾನುವಾರ ನನ್ನ ಮಗ ಚರ್ಚಿಗೆ ತನ್ನ ಕಾಲ ಮೇಲೆ ನಡೆದುಕೊಂಡು ಬರುತ್ತಾನೆ.